ಮಾಮಾನ ಉದ್ರಿ ಖಾತೆ, ಪಿಎಚ್‌ಪಿ ಅಪ್‌ಡೇಟ್ ಮತ್ತು ನಾನು ಮಾಡಿದ ತಪ್ಪು

ನಾನು ಸೆಕೆಂಡ್ ಇಯರ್, ಊರು ಜೇವರ್ಗಿ. ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ ಓದಿದವನು, ಹಾಗಾಗಿ ಕಾಗುಣಿತ ತಪ್ಪಿದ್ರೆ ಬೈಕೊಳ್ಳಬೇಡಿ. "ಬರೇ ಕವನ ಬರ್ತಾವು, ಯಾರಾದ್ರೂ ಟೆಕ್ನಿಕಲ್ ವಿಷಯ ಕನ್ನಡದಾಗ ಬರೀರಿ" ಅಂತ ಕ್ಲಬ್‌ನ ಸೀನಿಯರ್ ಅಕ್ಕ ಹೇಳಿದ್ರು. ಅದಕ್ಕೇ ಈ ಲೇಖನ.

ವಿಷಯ: ಪಿಎಚ್‌ಪಿ ಅಪ್‌ಡೇಟ್‌ಗಳಲ್ಲಿ ಬರುವ ಭದ್ರತಾ ತಿದ್ದುಪಡಿ ಅಂದ್ರೆ ಏನು, ಅದನ್ನು ಯಾಕೆ ಹಾಕಬೇಕು, ಹಾಕುವಾಗ ಏನು ಕೆಡಬಹುದು. ಮಿನಿ ಪ್ರಾಜೆಕ್ಟ್‌ಗೆ ಎಕ್ಸಾಂಪ್ ಹಾಕಿಕೊಂಡು ಕೂತಿರುವ ಎಲ್ಲರಿಗೂ ಇದು ಬೇಕು.

ಅಂಗಡಿಯ ಕಂಪ್ಯೂಟರ್

ದೀಪಾವಳಿ ರಜೆಗೆ ಅಫಜಲಪುರಕ್ಕೆ ಮಾಮಾನ ಮನೆಗೆ ಹೋಗಿದ್ದೆ. ಮಾಮಾಂದು ಬೀಜ-ಗೊಬ್ಬರದ ಅಂಗಡಿ. ನಮ್ಮ ಕಡೆ ಇಂಥ ಅಂಗಡಿ ನಡೆಯುವುದು ಉದ್ರಿ ಮೇಲೆ. ಬಿತ್ತುವಾಗ ರೈತ ಬೀಜ, ಗೊಬ್ಬರ, ಎಣ್ಣೆ (ಕೀಟನಾಶಕಕ್ಕೆ ಹೀಗೇ ಅನ್ನೋದು) ಒಯ್ಯುತ್ತಾನೆ. ತೊಗರಿ ಮಾರಿದ ಮೇಲೆ, ಇಲ್ಲವೇ ಕಬ್ಬಿನ ಬಿಲ್ ಬಂದ ಮೇಲೆ ತೀರಿಸುತ್ತಾನೆ. ಆ ಲೆಕ್ಕ ಇಡಲು ಏಳೆಂಟು ವರ್ಷದ ಹಿಂದೆ ಪರಿಚಯದ ಹುಡುಗನೊಬ್ಬ ಪಿಎಚ್‌ಪಿಯಲ್ಲಿ ಸಣ್ಣ ಸಾಫ್ಟ್‌ವೇರ್ ಬರೆದುಕೊಟ್ಟು ಪುಣೆಗೆ ಹೋಗಿಬಿಟ್ಟ. ಅವತ್ತಿನಿಂದ ಯಾರೂ ಅದನ್ನು ಮುಟ್ಟಿಲ್ಲ. ಸುಮಾರು ನಾನೂರು ರೈತರ ಹೆಸರು, ಊರು, ಮೊಬೈಲ್ ನಂಬರ್, ಬಾಕಿ, ಎಲ್ಲ ಅದರಲ್ಲಿದೆ.

ಸುಮ್ಮನೆ ಕುತೂಹಲಕ್ಕೆ ಪಿಎಚ್‌ಪಿ ಇನ್ಫೋ ಪುಟ ತೆರೆದೆ. ವರ್ಷನ್ 5.6! ಅದಕ್ಕೆ ಭದ್ರತಾ ತಿದ್ದುಪಡಿ ಬರುವುದು 2018 ರ ಡಿಸೆಂಬರ್ 31 ಕ್ಕೇ ನಿಂತುಹೋಗಿದೆ. ಅದಾದ ಮೇಲೆ ಎಷ್ಟು ತೂತು ಸಿಕ್ಕಿದ್ದರೂ ಈ ಕಂಪ್ಯೂಟರ್‌ಗೆ ತೇಪೆ ಬಂದಿಲ್ಲ.

ಇನ್ನೊಂದು ಗಾಬರಿ. ಮನೆಯಿಂದ ಮೊಬೈಲ್‌ನಲ್ಲಿ ಲೆಕ್ಕ ನೋಡಲಿಕ್ಕೆ ಬೇಕು ಅಂತ ಮಾಮಾ ಕೇಳಿದ್ದಕ್ಕೆ ಯಾರೋ ರೌಟರ್‌ನಲ್ಲಿ ಪೋರ್ಟ್ ತೆರೆದಿಟ್ಟಿದ್ದರು. ಅಂದ್ರೆ ಆ ಹಳೇ ಸಾಫ್ಟ್‌ವೇರ್ ಇಡೀ ಇಂಟರ್ನೆಟ್‌ಗೆ ಕಾಣುತ್ತಿತ್ತು.

ಒಂದು ಚಿಹ್ನೆ ಸಾಕು

ಮಾಮಾನ ಅನುಮತಿ ತಗೊಂಡು ಲಾಗಿನ್ ಪರೀಕ್ಷೆ ಮಾಡಿದೆ. ಹೆಸರಿನ ಡಬ್ಬಿಯಲ್ಲಿ ಒಂಟಿ ಕೋಟ್ ಚಿಹ್ನೆ ಹಾಕಿ, ಮುಂದೆ "ಅಥವಾ 1 ಸಮ 1" ಎಂಬ ಅರ್ಥದ ಎಸ್‌ಕ್ಯುಎಲ್ ತುಣುಕು ಬರೆದು, ಉಳಿದದ್ದನ್ನು ಕಮೆಂಟ್ ಮಾಡಿದೆ. ಪಾಸ್‌ವರ್ಡ್ ಇಲ್ಲದೇ ಖಾತೆ ತೆರೆಯಿತು. ಹಿಂದೆ ನಿಂತಿದ್ದ ಮಾಮಾ ಅಂದ:

"ಏ, ಹಂಗಾರ ಯಾರ್ ಬೇಕಾದ್ರೂ ಒಳಗ ಬಂದು ನಾಕ್ ಸಾವಿರ ಬಾಕಿ ನಲವತ್ತು ಸಾವಿರ ಮಾಡಬಹುದೇನು?"

"ಹೌದ್ರಿ ಮಾಮಾ. ಪೂರಾ ಅಳಿಸಲೂಬಹುದು."

ಇದಕ್ಕೆ ಎಸ್‌ಕ್ಯುಎಲ್ ಇಂಜೆಕ್ಷನ್ ಅಂತಾರೆ, ನಿಮಗೆಲ್ಲ ಗೊತ್ತು. ಮಾಮಾಗೆ ನಾನು ಹೇಳಿದ್ದು ಹೀಗೆ: ಅಂಗಡಿಯ ಹುಡುಗನಿಗೆ ಒಂದು ಚೀಟಿ ಕೊಟ್ಟು "ಗಿರಾಕಿ ಹೆಸರು ಬರೆಸ್ಕೊಂಡು ಬಾ" ಅಂದಿರಿ. ಗಿರಾಕಿ ಹೆಸರು ಬರೆದು, ಮುಂದೆ "ಇವನ ಬಾಕಿ ಎಲ್ಲ ಮಾಫಿ" ಅಂತಲೂ ಬರೆದ. ನೀವು ಓದಿ ಅದನ್ನೂ ಆದೇಶ ಅಂತ ತಿಳಿದು ಪಾಲಿಸಿದಿರಿ. ಹೆಸರು ಯಾವುದು, ಆದೇಶ ಯಾವುದು ಎಂಬ ಗೆರೆ ಚೀಟಿಯಲ್ಲಿ ಇರಲಿಲ್ಲ. ಪ್ರಿಪೇರ್ಡ್ ಸ್ಟೇಟ್‌ಮೆಂಟ್ ಅಂದ್ರೆ ಮೊದಲೇ ಡಬ್ಬಿ ಹಾಕಿ ಅಚ್ಚು ಮಾಡಿಸಿದ ಚೀಟಿ. ಹೆಸರಿನ ಡಬ್ಬಿಯಲ್ಲಿ ಏನೇ ಬರೆದರೂ ಅದು ಬರೀ ಹೆಸರು.

ಇಲ್ಲಿ ಒಂದು ವಿಷಯ ಸ್ಪಷ್ಟ ಇರಲಿ. ಈ ತೂತು ಪಿಎಚ್‌ಪಿಯದ್ದಲ್ಲ, ಕೋಡ್ ಬರೆದವನದ್ದು. ಅಪ್‌ಡೇಟ್ ಮಾಡಿದ ಮಾತ್ರಕ್ಕೆ ಇದು ಮುಚ್ಚುವುದಿಲ್ಲ. ಆದರೆ ಭಾಷೆ ಬದಲಾಗುತ್ತಾ ಬಂದು ತಪ್ಪು ದಾರಿಗಳನ್ನು ಒಂದೊಂದಾಗಿ ಕಿತ್ತು ಹಾಕಿದೆ. ಮೊದಲು ರಿಜಿಸ್ಟರ್ ಗ್ಲೋಬಲ್ಸ್ ಅಂತ ಒಂದು ಸೌಲಭ್ಯ ಇತ್ತು: ವಿಳಾಸ ಪಟ್ಟಿಯಲ್ಲಿ ಬರೆದದ್ದು ನೇರ ಪ್ರೋಗ್ರಾಂನ ವೇರಿಯಬಲ್ ಆಗುತ್ತಿತ್ತು. 2002 ರಲ್ಲಿ ಬಂದ 4.2.0 ರಿಂದ ಅದು ತಾನಾಗಿ ಬಂದ್, 2012 ರ 5.4 ರಲ್ಲಿ ಪೂರ್ತಿ ತೆಗೆದರು. ಮ್ಯಾಜಿಕ್ ಕೋಟ್ಸ್ ಕೂಡ 5.4 ರಲ್ಲೇ ಹೋಯಿತು. ಹಳೇ ಮೈಎಸ್‌ಕ್ಯುಎಲ್ ಫಂಕ್ಷನ್‌ಗಳು 2015 ರ ಡಿಸೆಂಬರ್‌ನಲ್ಲಿ ಬಂದ 7.0 ರಲ್ಲಿ ಹೋದವು. ಪಾಸ್‌ವರ್ಡ್ ಹ್ಯಾಶ್ ಎಂಬ ಫಂಕ್ಷನ್ 2013 ರ 5.5 ರಲ್ಲಿ ಬಂತು. 2024 ರ ನವೆಂಬರ್‌ನ 8.4 ರಲ್ಲಿ ಅದರ ಬಿಕ್ರಿಪ್ಟ್ ಕಾಸ್ಟ್ 10 ರಿಂದ 12 ಕ್ಕೆ ಏರಿತು. ಕಾಸ್ಟ್ ಒಂದು ಏರಿದರೆ ಕೆಲಸ ಎರಡು ಪಟ್ಟು. ಹಾಗಾಗಿ ಕಳ್ಳ ಪ್ರತಿ ಊಹೆಗೂ ನಾಲ್ಕು ಪಟ್ಟು ಬೆವರು ಸುರಿಸಬೇಕು.

ವರ್ಷನ್ ನಂಬರ್ ಓದುವುದು

8.2.20 ತಗೊಳ್ಳಿ. ಮೊದಲ 8 ಬದಲಾದರೆ ಗಾಡಿಯೇ ಹೊಸದು. ನಡುವಿನ 2 ಬದಲಾದರೆ ಹೊಸ ಪಾರ್ಟ್ ಬಂದಿವೆ, ಕೆಲವು ಹಳೇ ಪಾರ್ಟ್‌ಗೆ "ಇನ್ನು ಮುಂದೆ ಬಳಸಬೇಡಿ" ಎಂಬ ಎಚ್ಚರಿಕೆ ಬಂದಿದೆ. ಕೊನೆಯ 20 ಬದಲಾದರೆ ಅದು ಪಂಕ್ಚರ್ ತಿದ್ದಿದ್ದು. ಹೊಸ ಸೌಲಭ್ಯ ಇಲ್ಲ, ಬಗ್ ಮತ್ತು ಭದ್ರತೆಯ ತೂತು ಮುಚ್ಚಿದ್ದು ಮಾತ್ರ. ಪಂಕ್ಚರ್ ಹಾಕಿಸಲು ಯಾರೂ ಮುಹೂರ್ತ ನೋಡುವುದಿಲ್ಲ. ಕೊನೆಯ ಅಂಕಿಯ ಅಪ್‌ಡೇಟನ್ನೂ ತಡ ಮಾಡಬಾರದು.

ಈಗಿನ ನಿಯಮದ ಪ್ರಕಾರ ಪ್ರತಿ ನಡು-ಆವೃತ್ತಿಗೆ ಎರಡು ವರ್ಷ ಪೂರ್ಣ ಬೆಂಬಲ, ಆಮೇಲೆ ಎರಡು ವರ್ಷ ಬರೀ ಭದ್ರತಾ ತಿದ್ದುಪಡಿ. 7.4 ರ ಆಯುಷ್ಯ 2022 ರ ನವೆಂಬರ್‌ಗೆ, 8.0 ದ್ದು 2023 ರ ನವೆಂಬರ್‌ಗೆ ಮುಗಿದಿದೆ. 8.2 ಕ್ಕೆ 2026 ರ ಕೊನೆ, 8.3 ಕ್ಕೆ 2027 ರ ಕೊನೆ, 8.4 ಕ್ಕೆ 2028 ರ ಕೊನೆ ಅಂತ ದಿನ ಗೊತ್ತು ಮಾಡಿದ್ದಾರೆ. ಪ್ರಾಜೆಕ್ಟ್ ಶುರು ಮಾಡುವ ಮೊದಲು ಈ ಕ್ಯಾಲೆಂಡರ್ ನೋಡಿ.

2012 ರಲ್ಲಿ ಮುಚ್ಚಿದ ತೂತು 2024 ರಲ್ಲಿ ತೆರೆಯಿತು

ಇದು ನನಗೆ ಬಹಳ ಇಷ್ಟವಾದ ಕೇಸ್. ಪಿಎಚ್‌ಪಿಯನ್ನು ಸಿಜಿಐ ರೀತಿಯಲ್ಲಿ ಓಡಿಸುವಾಗ, ವಿಳಾಸದಲ್ಲಿ ಪ್ರಶ್ನಾರ್ಥಕ ಚಿಹ್ನೆಯ ಮುಂದೆ ಮೈನಸ್ ಮತ್ತು ಎಸ್ ಅಕ್ಷರ ಹಾಕಿದರೆ, ಅದು ಕಮ್ಯಾಂಡ್ ಲೈನ್‌ನ ಆಯ್ಕೆಯಾಗಿ ಪಿಎಚ್‌ಪಿಗೆ ಹೋಗಿ ಪುಟದ ಮೂಲ ಕೋಡನ್ನೇ ತೋರಿಸುತ್ತಿತ್ತು. ಬೇರೆ ಆಯ್ಕೆ ಹಾಕಿದರೆ ಕಳ್ಳನ ಕೋಡ್ ಕೂಡ ಓಡುತ್ತಿತ್ತು. ಇದರ ನಂಬರ್ ಸಿವಿಇ-2012-1823. 2012 ರ ಮೇ ತಿಂಗಳಲ್ಲಿ 5.3.12 ಮತ್ತು 5.4.2 ರಲ್ಲಿ ತೇಪೆ ಹಾಕಿದರು, ಅದು ಸಾಲಲಿಲ್ಲ. ಕೆಲವೇ ದಿನದಲ್ಲಿ 5.3.13 ಮತ್ತು 5.4.3 ಬಂದವು. ಉಪಾಯ ಸರಳ: ಮೈನಸ್ ಚಿಹ್ನೆಯಿಂದ ಶುರುವಾದರೆ ಒಳಗೆ ಬಿಡಬೇಡ.

12 ವರ್ಷ ಆಯಿತು. 2024 ರಲ್ಲಿ ತೈವಾನ್‌ನ ಡೆವ್‌ಕೋರ್ ಸಂಸ್ಥೆಯ ಆರೆಂಜ್ ತ್ಸಾಯ್ ಕಂಡುಹಿಡಿದದ್ದು ಏನಂದ್ರೆ, ವಿಂಡೋಸ್‌ನಲ್ಲಿ ಅಕ್ಷರಗಳನ್ನು ಒಂದು ಎನ್‌ಕೋಡಿಂಗ್‌ನಿಂದ ಇನ್ನೊಂದಕ್ಕೆ ಬದಲಿಸುವಾಗ, ಸರಿಯಾದ ಅಕ್ಷರ ಸಿಗದಿದ್ದರೆ "ಹತ್ತಿರದ" ಅಕ್ಷರ ಹಾಕುತ್ತದೆ. ಸಾಫ್ಟ್ ಹೈಫನ್ ಎಂಬ ಇನ್ನೊಂದು ಚಿಹ್ನೆ ಇದೆ. ಪಿಎಚ್‌ಪಿ ಕಾವಲುಗಾರ ನೋಡುವಾಗ ಅದು ಮೈನಸ್ ಅಲ್ಲ, ಒಳಗೆ ಬಿಟ್ಟ. ಒಳಗೆ ಹೋದ ಮೇಲೆ ವಿಂಡೋಸ್ ಅದನ್ನು ಮೈನಸ್ ಮಾಡಿತು! ಹಳೇ ಕಳ್ಳ, ಹೊಸ ವೇಷ. ಇದು ಸಿವಿಇ-2024-4577. ಚೀನೀ ಭಾಷೆಯ ಎರಡೂ ಲಿಪಿ ರೂಪಗಳು ಮತ್ತು ಜಪಾನಿ ಭಾಷೆಯ ವಿಂಡೋಸ್‌ನಲ್ಲಿ ಇದು ಖಚಿತವಾಗಿ ಕೆಲಸ ಮಾಡುತ್ತಿತ್ತು. ಉಳಿದವರೂ ಅಪ್‌ಡೇಟ್ ಮಾಡಿ ಅಂತ ಅವರೇ ಹೇಳಿದರು. 2024 ರ ಜೂನ್ 6 ಕ್ಕೆ 8.1.29, 8.2.20, 8.3.8 ಬಂದವು. ಎರಡು-ಮೂರು ದಿನದೊಳಗೆ ಟೆಲ್‌ಯುದಪಾಸ್ ಎಂಬ ರಾನ್ಸಂವೇರ್ ಗುಂಪು ಇದೇ ತೂತಿನಿಂದ ನುಗ್ಗಲು ಶುರು ಮಾಡಿತ್ತು. ತಿದ್ದುಪಡಿ ಪ್ರಕಟ ಆದ ದಿನವೇ ಕಳ್ಳರಿಗೂ ವಿಳಾಸ ಸಿಗುತ್ತದೆ, ಅದನ್ನು ಮರೆಯಬೇಡಿ.

ನಮಗೆ ಸಂಬಂಧಿಸಿದ ಮಾತು ಈಗ ಬರುತ್ತದೆ. ವಿಂಡೋಸ್‌ನ ಎಕ್ಸಾಂಪ್ ತನ್ನ ಮೂಲ ಸೆಟ್ಟಿಂಗ್‌ನಲ್ಲೇ ಪಿಎಚ್‌ಪಿ-ಸಿಜಿಐ ಫೈಲನ್ನು ಹೊರಗೆ ಕಾಣುವಂತೆ ಇಡುತ್ತದೆ. ಆ ಜೂನ್‌ನಲ್ಲಿ ಎಕ್ಸಾಂಪ್‌ನ ಹೊಸ ಕಂತೆಯಲ್ಲಿ ಇದ್ದ ಪಿಎಚ್‌ಪಿ 8.2.12. ತೂತು ಮುಚ್ಚಿದ್ದು 8.2.20. ಅಂದ್ರೆ "ನಾನು ಲೇಟೆಸ್ಟ್ ಎಕ್ಸಾಂಪ್ ಹಾಕಿದ್ದೇನೆ" ಎಂಬ ಮಾತಿಗೆ ಬೆಲೆ ಇಲ್ಲ. ಒಳಗಿನ ಪಿಎಚ್‌ಪಿ ನಂಬರ್ ನೋಡಬೇಕು. ಡೆವ್‌ಕೋರ್‌ನವರು ಹೇಳಿದ ತಾತ್ಕಾಲಿಕ ದಾರಿ: ಎಕ್ಸಾಂಪ್‌ನ ಅಪಾಚೆ ಸೆಟ್ಟಿಂಗ್ ಫೈಲ್‌ನಲ್ಲಿ ಪಿಎಚ್‌ಪಿ-ಸಿಜಿಐಗೆ ದಾರಿ ಕೊಡುವ ಸ್ಕ್ರಿಪ್ಟ್ ಅಲಿಯಾಸ್ ಸಾಲಿನ ಮುಂದೆ ಹ್ಯಾಶ್ ಚಿಹ್ನೆ ಹಾಕಿ ಅದನ್ನು ಬಂದ್ ಮಾಡುವುದು.

ಕನ್ನಡ ಟೈಪ್ ಮಾಡುವವರಿಗೆ ಈ ಕಣ್ಣಿಗೆ ಕಾಣದ ಅಕ್ಷರದ ಆಟ ಹೊಸದಲ್ಲ. ಕೆಲವು ಕೀಬೋರ್ಡ್‌ಗಳು "ಕುಮಾರ್" ಪದದ ಕೊನೆಗೆ ಝೀರೋ ವಿಡ್ತ್ ನಾನ್ ಜಾಯ್ನರ್ ಸೇರಿಸುತ್ತವೆ, ಕೆಲವು ಸೇರಿಸುವುದಿಲ್ಲ. ನೋಡಲು ಎರಡೂ ಒಂದೇ, ಕಂಪ್ಯೂಟರ್‌ಗೆ ಬೇರೆ ಬೇರೆ. ಒಬ್ಬನೇ ರೈತ ಎರಡು ಖಾತೆ ಆಗುತ್ತಾನೆ. ಕಣ್ಣಿಗೆ ಒಂದೇ ಅನಿಸಿದ್ದು ಕಂಪ್ಯೂಟರ್‌ಗೂ ಒಂದೇ ಅಂತ ತಿಳಿಯಬಾರದು.

ಅಪ್‌ಡೇಟ್ ಮಾಡಿದೆ, ಮರ್ಯಾದೆ ಹೋಯಿತು

ಈಗ ನನ್ನ ತಪ್ಪು. ರಾತ್ರಿ ಕೂತು ಅಂಗಡಿ ಕಂಪ್ಯೂಟರ್‌ನಲ್ಲೇ 5.6 ತೆಗೆದು 8 ರ ಸಾಲಿನ ಪಿಎಚ್‌ಪಿ ಹಾಕಿದೆ. ಮೊದಲು ಬಂದದ್ದು ಫೇಟಲ್ ಎರರ್: ಮೈಎಸ್‌ಕ್ಯುಎಲ್ ಕನೆಕ್ಟ್ ಎಂಬ ಫಂಕ್ಷನ್ ಇಲ್ಲ. ಅದು ನಿರೀಕ್ಷೆ ಇತ್ತು. ಎಲ್ಲವನ್ನೂ ಪಿಡಿಒಗೆ ಬದಲಿಸಿ, ಪ್ರಿಪೇರ್ಡ್ ಸ್ಟೇಟ್‌ಮೆಂಟ್ ಹಾಕಿ, ಪಾಸ್‌ವರ್ಡ್ ಎಂಡಿ5 ಇದ್ದದ್ದನ್ನು ಪಾಸ್‌ವರ್ಡ್ ಹ್ಯಾಶ್ ಮಾಡಿ, ಎರಡು ಗಂಟೆಗೆ ಮಲಗಿದೆ. ಪುಟ ತೆರೆಯಿತು, ಎರರ್ ಇಲ್ಲ, ಅಂದ್ರೆ ಕೆಲಸ ಮುಗೀತು ಅಂದುಕೊಂಡೆ.

ಬೆಳಿಗ್ಗೆ ಮಾಮಾ ಬಾಕಿದಾರರ ಪಟ್ಟಿ ಪ್ರಿಂಟ್ ತೆಗೆದು ಹುಡುಗನ ಕೈಗೆ ಕೊಟ್ಟ. ಹುಡುಗ ಫೋನ್ ಹಚ್ಚಿದ. ಮಧ್ಯಾಹ್ನ ಹಳ್ಳಿಯಿಂದ ವಯಸ್ಸಾದ ಕಾಕಾ ಒಬ್ಬರು ಬಸ್ ಹಿಡಿದು ಬಂದರು. ಕೈಯಲ್ಲಿ ಹಳೇ ರಸೀದಿ, ನಾಲ್ಕು ಮಡಿಕೆ. ಜೋರು ಮಾತಾಡಲಿಲ್ಲ. "ತೊಗರಿ ಮಾರಿದ ದಿನಾನೇ ಕೊಟ್ಟಿನಲ್ಲಪಾ, ಮತ್ತ್ಯಾಕ ನನ್ನ ಹೆಸರು ಬಂತು?" ಅಷ್ಟೇ ಕೇಳಿದ್ದು. ಮಾಮಾನ ಮುಖ ಸಣ್ಣದಾಯಿತು. ಕೂಡಿಸಿ ಚಹಾ ತರಿಸಿ ತಪ್ಪಾಯ್ತು ಅಂದ. ತಪ್ಪು ಮಾಮಾಂದಲ್ಲ, ನಂದು.

ಏನಾಗಿತ್ತು ಅಂದ್ರೆ, ಹಳೇ ಹುಡುಗ ಬಾಕಿಯ ಕಾಲಂ ಅನ್ನು ಅಂಕಿಯಾಗಿ ಇಡದೆ ಪಠ್ಯವಾಗಿ ಇಟ್ಟಿದ್ದ. ಪೂರ್ತಿ ತೀರಿಸಿದವರ ಕಾಲಂ ಖಾಲಿ. ಕೋಡ್‌ನಲ್ಲಿ "ಬಾಕಿ ಸೊನ್ನೆಗೆ ಸಮ ಇದ್ದರೆ ಪಟ್ಟಿಯಲ್ಲಿ ಹಾಕಬೇಡ" ಅಂತ ಎರಡು ಸಮ ಚಿಹ್ನೆಯ ಹೋಲಿಕೆ. ಪಿಎಚ್‌ಪಿ 7 ರ ತನಕ ಖಾಲಿ ಪಠ್ಯ ಸೊನ್ನೆಗೆ ಸಮ ಅನ್ನುತ್ತಿತ್ತು. 2020 ರ ನವೆಂಬರ್ 26 ರಂದು ಬಂದ 8.0 ರಲ್ಲಿ ಈ ನಿಯಮ ಬದಲಾಯಿತು: ಅಂಕಿಯಂತೆ ಕಾಣದ ಪಠ್ಯವನ್ನು ಸಂಖ್ಯೆಗೆ ಹೋಲಿಸಿದರೆ, ಸಂಖ್ಯೆಯನ್ನೇ ಪಠ್ಯ ಮಾಡಿ ಹೋಲಿಸುತ್ತದೆ. ಖಾಲಿ ಪಠ್ಯ ಮತ್ತು "0" ಒಂದೇ ಅಲ್ಲ. ಹಾಗಾಗಿ ಸಾಲ ತೀರಿಸಿದವರೆಲ್ಲ ಬಾಕಿದಾರರ ಪಟ್ಟಿಗೆ ಬಂದರು.

ಈ ಬದಲಾವಣೆ ಒಳ್ಳೆಯದೇ. ಹಳೇ ನಿಯಮದಲ್ಲಿ ಸೊನ್ನೆಯನ್ನು "ಅಡ್ಮಿನ್" ಎಂಬ ಪಠ್ಯಕ್ಕೆ ಹೋಲಿಸಿದರೂ ಸಮ ಅನ್ನುತ್ತಿತ್ತು. ಅದರಿಂದ ಲಾಗಿನ್ ತಪ್ಪಿಸುವ ದಾರಿ ಆಗುತ್ತಿತ್ತು. ಆದರೆ ಒಳ್ಳೆಯ ಬದಲಾವಣೆಯೂ ಹಳೇ ಕೋಡ್‌ಗೆ ಪೆಟ್ಟು ಕೊಡುತ್ತದೆ. ಎರರ್ ಬಂದರೆ ಗೊತ್ತಾಗುತ್ತದೆ, ಎರರ್ ಇಲ್ಲದೇ ಉತ್ತರ ಬದಲಾದರೆ ಕಾಕಾ ಬಸ್ ಹತ್ತಿ ಬಂದ ಮೇಲೆ ಗೊತ್ತಾಗುತ್ತದೆ. ಆಮೇಲೆ ಖಾಲಿ ಇದ್ದ ಕಡೆ 0 ತುಂಬಿ, ಕಾಲಂ ಅನ್ನು ಡೆಸಿಮಲ್ ಮಾಡಿದೆ. ಹಳೇ ಬ್ಯಾಕಪ್‌ನಿಂದ 5.6 ರಲ್ಲಿ ಒಂದು ಪಟ್ಟಿ, ಹೊಸದರಲ್ಲಿ ಒಂದು ಪಟ್ಟಿ ತೆಗೆದು ಸಾಲು ಸಾಲು ಹೋಲಿಸಿದೆ. ಇದನ್ನು ಹಿಂದಿನ ರಾತ್ರಿಯೇ ಮಾಡಬೇಕಿತ್ತು.

ಅಪ್‌ಡೇಟ್ ಮಾಡುವವರೂ ತಪ್ಪುತ್ತಾರೆ. 2011 ರ ಆಗಸ್ಟ್ 18 ರಂದು ಬಂದ ಪಿಎಚ್‌ಪಿ 5.3.7 ರಲ್ಲಿ ಕ್ರಿಪ್ಟ್ ಫಂಕ್ಷನ್ ಎಂಡಿ5 ಸಾಲ್ಟ್ ಕೊಟ್ಟಾಗ ಹ್ಯಾಶ್ ಬದಲು ಬರೀ ಸಾಲ್ಟನ್ನೇ ವಾಪಸ್ ಕೊಡುತ್ತಿತ್ತು. ಆ ಆವೃತ್ತಿಯಲ್ಲಿ ಹಾಗೆ ಉಳಿಸಿದ ಪಾಸ್‌ವರ್ಡ್‌ಗೆ ಏನು ಟೈಪ್ ಮಾಡಿದರೂ ಬಾಗಿಲು ತೆರೆಯುತ್ತಿತ್ತು! ಐದೇ ದಿನಕ್ಕೆ, 23 ಕ್ಕೆ, 5.3.8 ಬಂತು. ಹಾಗಂತ ಅಪ್‌ಡೇಟೇ ಬೇಡ ಅನ್ನಬಾರದು. ಮೊದಲು ನಕಲಿನ ಮೇಲೆ ಪರೀಕ್ಷೆ, ಆಮೇಲೆ ಅಸಲಿನ ಮೇಲೆ.

ಆಳಂದದ ಪಾಠ

ಇದನ್ನೆಲ್ಲ ರೂಮ್‌ಮೇಟ್‌ಗೆ ಹೇಳಿದೆ. ಅವನ ಊರು ಆಳಂದ. "ತೂತು ಮುಚ್ಚಿದ್ರೂ, ಒಳಗ ಬಂದವ ಖರೇನ ಅವನೇ ಹೌದೋ ಅಲ್ಲೋ ಯಾರು ನೋಡ್ತಾರ?" ಅಂದ. ಅವನು ಯಾಕೆ ಹಾಗೆ ಕೇಳಿದ ಅಂತ ನಮ್ಮ ಜಿಲ್ಲೆಯವರಿಗೆ ಗೊತ್ತು.

2022 ರ ಕೊನೆಗೆ ಆಳಂದ ಕ್ಷೇತ್ರದಲ್ಲಿ ಮತದಾರರ ಹೆಸರು ತೆಗೆಯಬೇಕು ಅಂತ ಆನ್‌ಲೈನ್‌ನಲ್ಲಿ 6,018 ಫಾರ್ಮ್ 7 ಅರ್ಜಿ ಬಂದವು. ಅಷ್ಟೊಂದು ಅರ್ಜಿ ನೋಡಿ ಅಧಿಕಾರಿಗಳಿಗೆ ಅನುಮಾನ ಬಂತು. ಒಂದೊಂದನ್ನೂ ಪರಿಶೀಲಿಸಿದಾಗ ಸರಿ ಇದ್ದದ್ದು 24, ತಪ್ಪಾಗಿದ್ದದ್ದು 5,994. ತಮ್ಮ ಹೆಸರಿನಲ್ಲಿ ಅರ್ಜಿ ಹೋದದ್ದೇ ಗೊತ್ತಿಲ್ಲ ಅಂತ ಕೆಲವರು ಹೇಳಿದ್ದೂ ಸುದ್ದಿಯಾಯಿತು. 2023 ರ ಫೆಬ್ರವರಿಯಲ್ಲಿ ಎಫ್‌ಐಆರ್ ಆಯಿತು. 2025 ರ ಸೆಪ್ಟೆಂಬರ್‌ನಲ್ಲಿ ವಿಷಯ ದೇಶದ ತುಂಬ ಚರ್ಚೆಯಾಯಿತು, ಅದೇ ತಿಂಗಳು ಚುನಾವಣಾ ಆಯೋಗ ಇಂಥ ಆನ್‌ಲೈನ್ ಅರ್ಜಿಗೆ ಆಧಾರ್ ಜೋಡಿಸಿದ ಮೊಬೈಲ್‌ನ ಮೂಲಕ ಇ-ಸೈನ್ ತಂದಿತು. ಯಾರು ಮಾಡಿದರು ಎಂಬುದು ತನಿಖೆಯ ವಿಷಯ. ರಾಜಕೀಯ ನಮ್ಮ ಲೇಖನಕ್ಕೆ ಬೇಡ. ಆ ಪೋರ್ಟಲ್ ಯಾವ ಭಾಷೆಯಲ್ಲಿ ಬರೆದದ್ದು ಎಂಬುದೂ ಇಲ್ಲಿ ಮುಖ್ಯ ಅಲ್ಲ. ನಮ್ಮ ಪಾಠ ಇಷ್ಟು: ಫಾರ್ಮ್‌ನಲ್ಲಿ ಬರೆದ ಹೆಸರು ಬೇರೆ, ಫಾರ್ಮ್ ತುಂಬಿದ ಮನುಷ್ಯ ಬೇರೆ.

ಪಿಎಚ್‌ಪಿಯ ಸ್ವಂತ ಮನೆಯಲ್ಲೂ ಹೀಗೇ ಆಗಿತ್ತು. 2021 ರ ಮಾರ್ಚ್ 28 ರಂದು ಪಿಎಚ್‌ಪಿಯ ಗಿಟ್ ಸರ್ವರ್‌ಗೆ ಎರಡು ಕೆಟ್ಟ ಕಮಿಟ್ ಬಂದವು. ಹೆಸರು ಮಾತ್ರ ದೊಡ್ಡವರದ್ದು: ಒಂದು ಪಿಎಚ್‌ಪಿ ಹುಟ್ಟಿಸಿದ ರಾಸ್ಮಸ್ ಲೆರ್ಡಾರ್ಫ್, ಇನ್ನೊಂದು ನಿಕಿತಾ ಪೊಪೊವ್. "ಸ್ಪೆಲ್ಲಿಂಗ್ ತಿದ್ದಿದ್ದೇನೆ" ಎಂಬ ನೆಪದಲ್ಲಿ ಹಿಂಬಾಗಿಲು ಇಟ್ಟಿದ್ದರು. ಬಿಡುಗಡೆಗೆ ಮುಂಚೆಯೇ ಸಿಕ್ಕಿಬಿತ್ತು, ಯಾಕಂದ್ರೆ ಬಂದ ಕಮಿಟನ್ನು ಯಾರೋ ಕೂತು ಓದಿದರು. ಆಮೇಲೆ ಇಡೀ ರೆಪೊಸಿಟರಿಯನ್ನು ಗಿಟ್‌ಹಬ್‌ಗೆ ಸಾಗಿಸಿದರು. ಆಳಂದದಲ್ಲೂ ಹಿಡಿದದ್ದು ಮನುಷ್ಯರ ಪರಿಶೀಲನೆಯೇ.

ನೀವು ಈ ವಾರ ಮಾಡಬಹುದಾದದ್ದು

1. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಪಿಎಚ್‌ಪಿ ವರ್ಷನ್ ನೋಡಿ. ಕೊನೆಯ ಅಂಕಿಯ ತನಕ ಬರೆದುಕೊಳ್ಳಿ, ಅದಕ್ಕೆ ಬೆಂಬಲ ಇನ್ನೂ ಇದೆಯಾ ನೋಡಿ.

2. ಅಪ್‌ಡೇಟ್‌ಗೆ ಮೊದಲು ಫೋಲ್ಡರ್ ಮತ್ತು ಡೇಟಾಬೇಸ್ ಎರಡರದ್ದೂ ಬ್ಯಾಕಪ್ ತಗೊಳ್ಳಿ. ನಕಲಿನ ಮೇಲೆ ಪರೀಕ್ಷಿಸಿ. ಪುಟ ತೆರೆಯಿತಾ ಅಂತ ಅಲ್ಲ, ಹಳೇ ಉತ್ತರ ಹೊಸ ಉತ್ತರ ಒಂದೇನಾ ಅಂತ ನೋಡಿ.

3. ಕ್ವೆರಿಗೆ ವೇರಿಯಬಲ್ ಅಂಟಿಸುವುದು ಬಿಟ್ಟುಬಿಡಿ. ಪ್ರಿಪೇರ್ಡ್ ಸ್ಟೇಟ್‌ಮೆಂಟ್ ಬಳಸಿ. ಪಾಸ್‌ವರ್ಡ್‌ಗೆ ಎಂಡಿ5 ಬೇಡ.

4. ಎರಡು ಸಮ ಚಿಹ್ನೆ ಇರುವ ಕಡೆಯೆಲ್ಲ ಒಮ್ಮೆ ನಿಂತು ಯೋಚಿಸಿ: ಆ ಕಡೆ ಏನಿದೆ, ಈ ಕಡೆ ಏನಿದೆ, ಅಂಕಿಯೋ ಪಠ್ಯವೋ.

5. ಬೇರೆಯವರ ಸೈಟ್ ಮೇಲೆ ಈ ಪ್ರಯೋಗ ಮಾಡಬೇಡಿ. ಅನುಮತಿ ಇಲ್ಲದೇ ಒಳಗೆ ನುಗ್ಗುವುದು 2000 ರ ಐಟಿ ಕಾಯ್ದೆಯ ಸೆಕ್ಷನ್ 66 ರಲ್ಲಿ ಅಪರಾಧ. ಮೂರು ವರ್ಷದ ತನಕ ಜೈಲು, ಐದು ಲಕ್ಷದ ತನಕ ದಂಡ, ಇಲ್ಲವೇ ಎರಡೂ. ತೂತು ಕಂಡರೆ ಮಾಲೀಕರಿಗೆ ಅಥವಾ ಸರ್ಟ್-ಇನ್‌ಗೆ ತಿಳಿಸಿ.

ಊರಿಗೆ ಹೊರಡುವ ದಿನ ರೌಟರ್‌ನ ಪೋರ್ಟ್ ಮುಚ್ಚಿದೆ. "ಹಂಗಾರ ಮನ್ಯಾಗ ಕುಂತು ಲೆಕ್ಕ ನೋಡ್ಲಿಕ್ಕೆ ಬರಂಗಿಲ್ಲೇನು?" ಅಂತ ಮಾಮಾ ಕೇಳಿದ. ಸದ್ಯಕ್ಕೆ ಬ್ಯಾಡ್ರಿ, ಸುರಕ್ಷಿತ ದಾರಿ ಕಲಿತು ಬಂದು ಮಾಡಿಕೊಡ್ತೀನಿ ಅಂದೆ. ಮಾಮಾ ಸ್ವಲ್ಪ ಹೊತ್ತು ಸುಮ್ಮನಿದ್ದು, "ನೀ ಕಂಪ್ಯೂಟರ್ ರಿಪೇರಿ ಮಾಡಿದ್ದು ಚಲೋ ಆತು. ಆದ್ರ ಆ ಕಾಕಾನ ಊರಿಗೂ ಒಮ್ಮೆ ಹೋಗಿ ಬಾ" ಅಂದ.

ಮರುದಿನ ಬೆಳಿಗ್ಗೆ ಹೋಗಿದ್ದೆ. ಕಾಕಾ ರೊಟ್ಟಿ, ಪುಂಡಿ ಪಲ್ಯ ಹಾಕಿ ಕಳಿಸಿದರು. ಹೊರಡುವಾಗ ಆ ರಸೀದಿ ತೋರಿಸಿ, "ಇದನ್ನ ಇನ್ನ ಇಟ್ಕೊಬೇಕೇನಪಾ?" ಅಂತ ಕೇಳಿದರು.

"ಇಟ್ಕೊಳ್ರಿ ಕಾಕಾ," ಅಂದೆ. ಅದೂ ಒಂದು ಬ್ಯಾಕಪ್ಪೇ.